ಕಾಣೆಯಾದ ನಲವತ್ತೊಂದನೇ ಹಾಳೆ

ಸೋಮವಾರ ಬೆಳಿಗ್ಗೆ 10.20ಕ್ಕೆ ದಾಖಲೆ ಕಚೇರಿಯ ಗುಮಾಸ್ತೆ ಏದುಸಿರು ಬಿಡುತ್ತ ಠಾಣೆಗೆ ಬಂದು ದೂರು ಕೊಟ್ಟರು. ಎಪ್ಪತ್ತು ವರ್ಷ ಹಳೆಯ ಜನನ ನೋಂದಣಿ ಪುಸ್ತಕದಿಂದ 41ನೇ ಹಾಳೆಯನ್ನು ಯಾರೋ ಕತ್ತರಿಸಿದ್ದರು.

"ಒಂದು ಹಾಳೆಗೂ ಎಫ್‌ಐಆರಾ ಸಾರ್?" ಎಂದು ಹೆಡ್ ಕಾನ್‌ಸ್ಟೆಬಲ್ ಮುಖ ಸಿಂಡರಿಸಿದ. ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡರು.

11.30ಕ್ಕೆ ದಾಖಲೆ ಕೋಣೆಯಲ್ಲಿ ಪಂಚನಾಮೆ. ಬ್ಲೇಡಿನ ಗೆರೆ ನೇರವಾಗಿತ್ತು. ಕೈ ನಡುಗದವರ ಕೆಲಸ. ಆ ಕೋಣೆಯಲ್ಲಿ ಪ್ರತಿ ಶನಿವಾರ ನಿವೃತ್ತ ಮೇಷ್ಟ್ರೊಬ್ಬರು ಊರವರಿಗೆ ಅವರವರ ಮನೆತನದ ಮೂಲ ಹುಡುಕುವುದನ್ನು ಕಲಿಸುತ್ತಿದ್ದರು. ಮೊನ್ನೆ ಆ ಪುಸ್ತಕ ಪಡೆದವಳು ತರಗತಿಯ ದರ್ಜಿ ಹೆಂಗಸು. ಕರೆಸಿ ನೋಡಿದರೆ ಅವಳ ಚೀಲದಲ್ಲಿ ಬ್ಲೇಡೂ ಸಿಕ್ಕಿತು. ಹೆಡ್ ಕಾನ್‌ಸ್ಟೆಬಲ್‌ಗೆ ಅಷ್ಟೇ ಸಾಕಾಯಿತು.

"ಹಾಳೆ ಎಲ್ಲಿಟ್ಟಿದ್ದೀಯಮ್ಮ?"

"ಅದು ಹೊಲಿಗೆ ಬಿಚ್ಚೋ ಬ್ಲೇಡ್ ಸಾರ್. ನಾನು ಪುಸ್ತಕ ತೆಗೆದಾಗಲೇ ಹಾಳೆ ಇರಲಿಲ್ಲ."

"ಆಗಲೇ ಯಾಕೆ ಹೇಳಲಿಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ತಲೆಗೇ ಕಟ್ತಾರೆ ಅಂತ ಹೆದರಿದೆ. ಈಗ ಕಟ್ಟಿದ್ರಲ್ಲ!"

"ಯಾರದ್ದು ಹುಡುಕ್ತಿದ್ರಿ?"

ಅವಳು ತಡವರಿಸಿದಳು. "ಮೇಷ್ಟ್ರದ್ದು. ಮುಂದಿನ ತಿಂಗಳು ಅವರಿಗೆ ಎಪ್ಪತ್ತು ತುಂಬುತ್ತೆ. ಊರಿನವರದ್ದೆಲ್ಲ ಹುಡುಕಿಕೊಟ್ರು, ಅವರದ್ದೇ ಯಾರೂ ಹುಡುಕಿಲ್ಲ. ಗುಟ್ಟಾಗಿ ವಂಶವೃಕ್ಷ ಬರೆದು ಕೊಡೋಣ ಅಂತಿದ್ದೆ. ಅವರು ಹುಟ್ಟಿದ ತಾರೀಖು ಆ ಹಾಳೆಯಲ್ಲೇ ಬರಬೇಕಿತ್ತು."

"ಪುಸ್ತಕ ಬೇಕಂದ್ರೆ ಏನು ಮಾಡ್ಬೇಕು?"

"ವಾರ ಮುಂಚೆ ಚೀಟಿ ಬರೀಬೇಕು. ಅದಕ್ಕೆ ಸಹಿ ಹಾಕೋದು... ಮೇಷ್ಟ್ರೇ."

ಗುಟ್ಟಿನ ಚೀಟಿಗೆ ಅವರಿಂದಲೇ ಸಹಿ ಹಾಕಿಸಿದ್ದಳು, ಪುಣ್ಯಾತ್ಗಿತ್ತಿ.

ಸಂಜೆ 4 ಗಂಟೆಗೆ ಮೇಷ್ಟ್ರ ಮನೆ. ಗೋಡೆಯ ತುಂಬ ಬೇರೆಯವರ ವಂಶವೃಕ್ಷಗಳು. ಇನ್‌ಸ್ಪೆಕ್ಟರ್ ಚೀಟಿಯನ್ನು ಮುಂದಿಟ್ಟ ಕೂಡಲೇ ಅವರು ಬೀರುವಿನಿಂದ ಒಂದು ಕಡತ ತೆಗೆದರು. ಹಾಳೆ ಎರಡು ಬಿಳಿ ಕಾಗದಗಳ ನಡುವೆ ಭದ್ರವಾಗಿತ್ತು. ಮೇಲೆ ಪೆನ್ಸಿಲಿನಲ್ಲಿ ಸಂಪುಟದ ಸಂಖ್ಯೆ, ಹಾಳೆಯ ಸಂಖ್ಯೆ, ತೆಗೆದ ದಿನಾಂಕ.

"ಸುಟ್ಟುಹಾಕಿದ್ರೆ ನಮಗೆ ಸಿಕ್ತಾನೇ ಇರಲಿಲ್ಲವಲ್ಲ ಮೇಷ್ಟ್ರೇ," ಎಂದ ಹೆಡ್ ಕಾನ್‌ಸ್ಟೆಬಲ್.

"ದಾಖಲೆ ಸುಡೋದಾ?" ಮೇಷ್ಟ್ರು ಗದರಿದರು.

5.10ಕ್ಕೆ ಬಂಧನ. ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ನಮೂನೆ ತುಂಬತೊಡಗಿದ.

"ತಂದೆ ಹೆಸರು?"

ಮೇಷ್ಟ್ರು ಮೇಜಿನ ಮೇಲಿದ್ದ ಹಾಳೆಯನ್ನು ತೋರಿಸಿದರು. "ನೋಡಿ ಬರ್ಕೊಳ್ಳಿ."

ಆರನೇ ಸಾಲು: ಗಂಡು ಮಗು, ಆಸ್ಪತ್ರೆಯ ಮೆಟ್ಟಿಲ ಮೇಲೆ ಸಿಕ್ಕಿದ್ದು. ತಂದೆ ತಿಳಿದಿಲ್ಲ. ತಾಯಿ ತಿಳಿದಿಲ್ಲ.

"ಎಲ್ಲರಿಗೂ ಏಳು ತಲೆಮಾರು ಹುಡುಕಿಕೊಟ್ಟೆ," ಎಂದರು ಮೇಷ್ಟ್ರು. "ನನ್ನದು ನನ್ನಿಂದಲೇ ಶುರು ಅಂತ ಅವರೆದುರು ಹೇಳೋಕೆ ನಾಚಿಕೆ ಆಯ್ತು. ಆಕೆಯನ್ನ ಹಿಡೀತಾರೆ ಅಂತ ಹೊಳೀಲಿಲ್ಲ."

ಕೊನೆಯ ಕಾಲಂ ಉಳಿದಿತ್ತು: ಬಂಧನದ ವಿಷಯ ತಿಳಿಸಬೇಕಾದ ಸಂಬಂಧಿಕರು. ಮೇಷ್ಟ್ರು ಯಾರೂ ಇಲ್ಲವೆಂದು ತಲೆಯಾಡಿಸಿದರು. ಹೇಳಿಕೆಗೆ ಸಹಿ ಹಾಕಲು ಬಂದು ಬೆಂಚಿನ ಮೇಲೆ ಕುಳಿತಿದ್ದ ದರ್ಜಿ ಎದ್ದಳು.

"ನನ್ನ ಹೆಸರು ಬರ್ಕೊಳ್ಳಿ. ಮಗಳು ಅಂತ ಹಾಕಿ."

"ದಾಖಲೆಯಲ್ಲಿ ಸುಳ್ಳು ಬೇಡ," ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು. "ಶಿಷ್ಯೆ ಅಂತ ಬರೀರಿ."