ಅಜ್ಜಿಯ ಹತ್ತನೇ ಬೆರಳು

“ಗಾಯ ತೊಳೀತಾರೆ ಅಂತ ಓದು. ಒಂದೇ ವಾಕ್ಯ. ಅಷ್ಟೂ ಆಗಲ್ವಾ ನಿನಗೆ?” ಎಂದರು ದೊಡ್ಡಪ್ಪ.

“ಇಲ್ಲಿ ಹಾಗೆ ಬರೆದಿಲ್ವಲ್ಲ ದೊಡ್ಡಪ್ಪ!” ಎಂದಳು ಯುನ್.

ಆಸ್ಪತ್ರೆಯ ಐದನೇ ಮಹಡಿಯಲ್ಲಿ, ಬಿಸಿನೀರಿನ ಯಂತ್ರದ ಪಕ್ಕ ಇಬ್ಬರೂ ನಿಂತಿದ್ದರು. ಯುನ್ ಶಾಲೆಯಿಂದ ನೇರ ಬಂದಿದ್ದಳು. ಬ್ಯಾಗ್ ಇನ್ನೂ ಬೆನ್ನ ಮೇಲೇ ಇತ್ತು. ಅವಳ ಕೈಯಲ್ಲಿದ್ದ ಆಸ್ಪತ್ರೆಯ ಒಪ್ಪಿಗೆ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಎಡಗಾಲಿನ ಕಿರುಬೆರಳನ್ನು ಕತ್ತರಿಸಿ ತೆಗೆಯಲಾಗುವುದು.

ಅಜ್ಜಿಗೆ ಸಕ್ಕರೆ ಕಾಯಿಲೆ. ಕಿರುಬೆರಳು ಕಪ್ಪಗಾಗಿತ್ತು. ನಾಳೆ ಬೆಳಗ್ಗೆ ಅದನ್ನು ತೆಗೆಯದಿದ್ದರೆ ಕಾಲೇ ಹೋಗಬಹುದು, ಆಮೇಲೆ ಜೀವಕ್ಕೂ ಅಪಾಯ ಎಂದು ಡಾಕ್ಟರ್ ಹೇಳಿದ್ದರು.

“ಕತ್ತರಿಸ್ತಾರೆ ಅಂತ ಗೊತ್ತಾದ್ರೆ ಅವಳು ಈಗಲೇ ಚಪ್ಪಲಿ ಹಾಕ್ಕೊಂಡು ಮನೆಗೆ ಹೊರಡ್ತಾಳೆ,” ಎಂದರು ದೊಡ್ಡಪ್ಪ. “‘ಅಪ್ಪ ಅಮ್ಮ ಕಾಲಿಗೆ ಹತ್ತು ಬೆರಳು ಕೊಟ್ಟು ಕಳಿಸಿದಾರೆ. ಸತ್ಮೇಲೆ ಹತ್ತೂ ತಗೊಂಡು ಹೋಗಿ ಅವರ ಮುಂದೆ ನಿಲ್ಲಬೇಕು.’ ನಾನು ಹುಟ್ಟಿದಾಗಿನಿಂದ ಅವಳದು ಇದೇ ಹಾಡು!”

“ಹಾಗಾದ್ರೆ ನೀವೇ ಓದಿ ಹೇಳಿ.”

“ನಾನು ಓದಿದ್ರೆ ಅವಳು ಒಪ್ತಾಳಾ?”

ಅದಂತೂ ನಿಜ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳಿಗೆ ಬರುವುದು ಮನೆಮಾತು ಹಕ್ಕಾ ಒಂದೇ. ಮನೆಗೆ ಯಾವ ಕಾಗದ ಬಂದರೂ ಯುನ್ ಸಾಲಿನ ಕೆಳಗೆ ಬೆರಳಿಟ್ಟು ಓದಬೇಕು, ಮನೆಮಾತಿನಲ್ಲಿ ಅರ್ಥ ಹೇಳಬೇಕು. ಆಮೇಲೆಯೇ ಅಜ್ಜಿ ಕೊರಳಿನ ಪುಟ್ಟ ಚೀಲದಿಂದ ಸಹಿಯ ಬದಲು ಒತ್ತುವ, ತನ್ನ ಹೆಸರು ಕೆತ್ತಿದ ಮೊಹರನ್ನು ಹೊರತೆಗೆಯುವುದು. ಪಾರ್ಸೆಲ್ ತಂದ ಪೋಸ್ಟ್‌ಮ್ಯಾನ್ ಕೂಡ ಅಷ್ಟು ಹೊತ್ತು ಬಿಸಿಲಿನಲ್ಲಿ ಕಾಯಬೇಕು.

ಈಗ ಆಸ್ಪತ್ರೆಯವರಿಗೂ ಆ ಮೊಹರೇ ಬೇಕು.

“ಶಾಲೆಯಲ್ಲಿ ಸುಳ್ಳು ಹೇಳಿದ್ರೆ ತಪ್ಪು. ಇಲ್ಲಿ ಸುಳ್ಳು ಹೇಳದಿದ್ರೆ ತಪ್ಪು. ಯಾವಾಗ ಯಾವುದು ಅಂತ ಒಂದು ಟೈಮ್‌ಟೇಬಲ್ ಆದ್ರೂ ಕೊಡಿ,” ಎಂದು ಗೊಣಗುತ್ತ ಯುನ್ ಅವರ ಹಿಂದೆ ನಡೆದಳು.

ವಾರ್ಡಿನಲ್ಲಿ ಅಜ್ಜಿ ಜಪಮಣಿ ಎಣಿಸುತ್ತಿದ್ದಳು. ಗುವಾನ್‌ಯಿನ್ ದೇವಿಯ ಹೆಸರು ಒಂದೇ ಏರಿಳಿತದಲ್ಲಿ ಬರುತ್ತಿತ್ತು, ತೊಟ್ಟಿಲು ತೂಗಿದ ಹಾಗೆ. ಡಾಕ್ಟರ್ ಚಿಯೆನ್ ಮಂಚದ ಪಕ್ಕ ನಿಂತಿದ್ದರು. ತೈಪೆಯಿಂದ ಬಂದ ಅವರಿಗೆ ಹಕ್ಕಾ ಮಾತು ಬಾರದು.

“ಅಜ್ಜಿಗೆ ಎಲ್ಲಾ ಹೇಳಿದೀರಿ ತಾನೇ? ಅವರಿಗೆ ಗೊತ್ತಿಲ್ಲದೆ ನಾನು ಮಾಡೋದಿಲ್ಲ,” ಎಂದರು ಡಾಕ್ಟರ್.

“ಎಲ್ಲಾ ಹೇಳಿದೀವಿ ಡಾಕ್ಟ್ರೇ,” ಎಂದರು ದೊಡ್ಡಪ್ಪ ಚೀನೀ ಭಾಷೆಯಲ್ಲಿ.

ಡಾಕ್ಟರ್ ತಲೆಯಾಡಿಸಿ ಹೊರಟುಹೋದರು. ಅಜ್ಜಿ ಇಬ್ಬರ ಬಾಯಿಯನ್ನೂ ನೋಡುತ್ತಿದ್ದಳು.

“ಏನಂತೆ ಆ ಡಾಕ್ಟರಮ್ಮನಿಗೆ? ಗಂಜಿಗೆ ಉಪ್ಪು ಹಾಕೋಕೆ ಹೇಳೋ. ಇಲ್ಲಿನ ಗಂಜಿ ತಿನ್ನೋದೂ ಒಂದೇ, ಬಟ್ಟೆ ಒಗೆದ ನೀರು ಕುಡಿಯೋದೂ ಒಂದೇ.”

“ಅಮ್ಮಾ, ಮೊದಲು ಈ ಕಾಗದ ಮುಗಿಸೋಣ.”

“ಬಾರೇ ಯುನ್, ಓದು.”

ಯುನ್ ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಅಜ್ಜಿಯ ಹೆಸರು ಓದಿದಳು, ವಯಸ್ಸು ಓದಿದಳು. ಮೂರನೇ ಸಾಲಿಗೆ ಬಂದಾಗ ಬೆರಳು ನಿಂತಿತು. ದೊಡ್ಡಪ್ಪ ಕೆಮ್ಮಿದರು.

“ಗಾಯ ತೊಳೀತಾರಂತೆ,” ಎಂದಳು ಯುನ್.

“ಇಷ್ಟೇನಾ?”

“ಇಷ್ಟೇ, ಅಜ್ಜಿ.”

“ಇಷ್ಟುದ್ದ ಕಾಗದಕ್ಕೆ? ಕರೆಂಟ್ ಬಿಲ್ ಓದೋಕೂ ನೀನು ಇದಕ್ಕಿಂತ ಜಾಸ್ತಿ ಹೊತ್ತು ತಗೋತೀಯಲ್ಲೇ!”

ಇನ್ನೂ ಕೇಳಲಿ, ಜಗಳವಾಡಲಿ ಎಂದು ಯುನ್ ಕಾದಳು. ಆದರೆ ಅಜ್ಜಿ ಚೀಲದ ದಾರ ಸಡಿಲಿಸಿ ಮೊಹರನ್ನು ಯುನ್‌ಳ ಅಂಗೈಯಲ್ಲಿಟ್ಟಳು.

“ನೀನೇ ಒತ್ತು. ನನ್ನ ಕೈ ನಡುಗುತ್ತೆ. ನೀನು ಓದಿದೀಯ ಅಂದ್ಮೇಲೆ ಸರಿಯಾಗೇ ಇರುತ್ತೆ.”

ಅಜ್ಜಿ ಈ ಮೊಹರನ್ನು ಯಾರ ಕೈಗೂ ಕೊಟ್ಟವಳಲ್ಲ. ದೊಡ್ಡಪ್ಪನಿಗೂ ಕೊಟ್ಟಿರಲಿಲ್ಲ, ಯುನ್‌ಳ ಅಮ್ಮನಿಗೂ ಕೊಟ್ಟಿರಲಿಲ್ಲ. ಬೆರಳಷ್ಟು ಉದ್ದದ ಆ ಕೋಡಿನ ತುಂಡು ಅಜ್ಜಿಯ ಎದೆಯ ಬಿಸಿಗೆ ಬೆಚ್ಚಗಿತ್ತು. ಯುನ್ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಒತ್ತು ಮಗಳೇ,” ಎಂದರು ದೊಡ್ಡಪ್ಪ.

“ಅಜ್ಜಿ, ಬೆರಳು ಕತ್ತರಿಸ್ತಾರೆ!”

ಮಾತು ಬಾಯಿಂದ ಬಿದ್ದೇಹೋಯಿತು. ಪರದೆಯ ಆಚೆ ಯಾರೋ ಟಿವಿಯ ಸದ್ದನ್ನು ತಟ್ಟನೆ ಕಡಿಮೆ ಮಾಡಿದರು.

ಇನ್ನು ತಡೆಯಲು ಆಗಲಿಲ್ಲ. ಯುನ್ ಮೂರನೇ ಸಾಲು ಓದಿದಳು, ನಾಲ್ಕನೆಯದು ಓದಿದಳು, ಕಾಲು ಹೋಗಬಹುದು, ಜೀವ ಹೋಗಬಹುದು ಎಂಬುದನ್ನೂ ಓದಿದಳು. ಕೊನೆಯ ಸಾಲಿನ ಹೊತ್ತಿಗೆ ಅವಳು ಅಳುತ್ತಿದ್ದಳು.

ಅಜ್ಜಿ ಕೈ ಚಾಚಿದಳು. ಯುನ್ ಮೊಹರನ್ನು ವಾಪಸ್ ಕೊಟ್ಟಳು. ಅಜ್ಜಿ ಅದನ್ನು ಚೀಲಕ್ಕೆ ಹಾಕಿ, ದಾರ ಬಿಗಿದು, ಗೋಡೆಯ ಕಡೆ ತಿರುಗಿ ಮಲಗಿದಳು.

“ಈಗ ಸಮಾಧಾನ ಆಯ್ತಾ?” ದೊಡ್ಡಪ್ಪ ಕುರ್ಚಿಯಲ್ಲಿ ಕುಸಿದು ಕುಳಿತರು. “ಬೆಳಗ್ಗೆಯಿಂದ ಮೂರು ಬಸ್ಸು ಹಿಡಿದು ಬಂದಿದೀನಿ. ಡಾಕ್ಟರ್ ಕೈಲಿ ಬೈಸ್ಕೊಂಡೆ, ಅಮ್ಮನ ಕೈಲಿ ಬೈಸ್ಕೊಂಡೆ. ಎಲ್ಲಾ ಒಂದು ದಾರಿಗೆ ಬಂತು ಅನ್ನೋವಾಗ ನೀನು! ನಾಳೆ ಅವಳ ಕಾಲು ಹೋದ್ರೆ ಏನು ಹೇಳ್ತೀಯ?”

ದೊಡ್ಡಪ್ಪನ ಕಣ್ಣೂ ಕೆಂಪಾಗಿತ್ತು. ಮಣಿಗಳ ಸದ್ದು ನಿಂತುಹೋಗಿತ್ತು. ಅಜ್ಜಿಯ ಬೆನ್ನು ಮಾತ್ರ ಏರುತ್ತಿತ್ತು, ಇಳಿಯುತ್ತಿತ್ತು. ‘ಆ ಒಂದು ಸುಳ್ಳು ಹೇಳಿ ಸುಮ್ಮನಿರಬೇಕಿತ್ತೇ?’ ಯುನ್ ತನ್ನನ್ನೇ ಕೇಳಿಕೊಂಡಳು. ಕಿಟಕಿಯ ಬಿಸಿಲು ಮಂಚದ ಮೇಲಿಂದ ನೆಲಕ್ಕೆ ಇಳಿಯಿತು.

“ಯುನ್,” ಗೋಡೆಯ ಕಡೆಯಿಂದಲೇ ಅಜ್ಜಿ ಕರೆದಳು. “ಹೋಗಿ ಆ ಡಾಕ್ಟರಮ್ಮನ್ನ ಕೇಳು. ಕತ್ತರಿಸಿದ್ದನ್ನ ಎಲ್ಲಿಗೆ ಹಾಕ್ತಾರೆ?”

“ಅಯ್ಯೋ ಅಮ್ಮಾ, ಇದೆಂಥಾ ಪ್ರಶ್ನೆ!”

“ನಿನ್ನ ಕೇಳಲಿಲ್ಲ ಕಣೋ.”

ಯುನ್ ಓಡಿದಳು. ಡಾಕ್ಟರ್ ಚಿಯೆನ್ ನರ್ಸುಗಳ ಕೋಣೆಯಲ್ಲಿ ಮಧ್ಯಾಹ್ನದ ಊಟವನ್ನು ಸಂಜೆ ಐದಕ್ಕೆ ಮಾಡುತ್ತಿದ್ದರು. ಪ್ರಶ್ನೆ ಕೇಳಿ ಅವರ ಊಟದ ಕಡ್ಡಿಗಳು ಗಾಳಿಯಲ್ಲೇ ನಿಂತವು.

“ಅಜ್ಜಿಗೆ ಇವತ್ತೇ ಗೊತ್ತಾಗಿದ್ದಾ?”

“ಈಗ,” ಎಂದಳು ಯುನ್. “ನಾನೇ ಹೇಳಿದೆ.”

ಡಾಕ್ಟರ್ ಊಟದ ಡಬ್ಬಿ ಮುಚ್ಚಿ ಎದ್ದರು. ವಾರ್ಡಿಗೆ ಬಂದವರು ದೊಡ್ಡಪ್ಪನನ್ನು ಒಮ್ಮೆ ನೋಡಿದರು. ದೊಡ್ಡಪ್ಪ ತಮ್ಮ ಶೂಗಳನ್ನು ನೋಡಿಕೊಂಡರು.

“ಹಾಗೇ ಬಿಟ್ರೆ ಆಸ್ಪತ್ರೆಯವರು ಸುಟ್ಟುಬಿಡ್ತಾರೆ,” ಎಂದು ಡಾಕ್ಟರ್ ನಿಧಾನವಾಗಿ ಹೇಳಿದರು. ಯುನ್ ಮನೆಮಾತಿಗೆ ತಿರುಗಿಸಿದಳು. “ಬೇಕು ಅಂದ್ರೆ ಕೊಡ್ತೀವಿ. ಅದಕ್ಕೆ ಇನ್ನೊಂದು ಕಾಗದ ಬೇಕು,” ಎಂದು ಡಾಕ್ಟರ್ ಮುಂದುವರಿಸಿದರು.

“ಇನ್ನೊಂದು ಕಾಗದವಾ!” ದೊಡ್ಡಪ್ಪ ತಲೆಗೆ ಕೈ ಹಚ್ಚಿದರು.

ಅಜ್ಜಿ ಈ ಕಡೆ ತಿರುಗಿದಳು.

“ಕೊಡ್ತಾರಾ? ಮತ್ತೆ ಅದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆಲ್ಲಾ?”

“ಅಮ್ಮಾ, ಹತ್ತೂ ಬೆರಳು ಇರಬೇಕು ಅಂತ ನೀನೇ...”

“ಇರಬೇಕು ಅಂದೆ. ಅಂಟಿಕೊಂಡೇ ಇರಬೇಕು ಅಂದ್ನಾ? ಬೂದಿ ಮಾಡಿಸಿ ಜಾಡಿಯಲ್ಲಿಟ್ಕೋತೀನಿ. ನಾನು ಹೋಗುವಾಗ ಅದನ್ನೂ ಜೊತೆಗೆ ಕಳಿಸಿ. ಯುನ್, ಒಂದು ಸಣ್ಣ ಜಾಡಿ ತೊಳೆದಿಡೋಕೆ ನಿಮ್ಮಮ್ಮನಿಗೆ ಹೇಳು. ಉಪ್ಪಿನಕಾಯಿ ಜಾಡಿ ಮುಟ್ಟಿದ್ರೆ ನೋಡು!”

ಪರದೆಯ ಆಚೆ ಯಾರೋ ಕಿಸಕ್ಕನೆ ನಕ್ಕರು.

ಹೊಸ ಕಾಗದ ಬಂತು. ಯುನ್ ಎರಡನ್ನೂ ಮೊದಲಿನಿಂದ ಓದಿದಳು. ಅಜ್ಜಿ ಮೊಹರನ್ನು ಕೆಂಪು ಶಾಯಿಗೆ ಅದ್ದಿ, ನಡುಗುವ ಕೈಯಿಂದ ತಾನೇ ಎರಡು ಸಲ ಒತ್ತಿದಳು. ಒಂದು ಸೊಟ್ಟಗೆ ಬಂತು.

ಡಾಕ್ಟರ್ ಹೋದ ಮೇಲೆ ದೊಡ್ಡಪ್ಪ ಮೆಲ್ಲಗೆ ಕೇಳಿದರು, “ಅವಳು ಬೇಡ ಅಂದಿದ್ರೆ ಏನು ಮಾಡ್ತಿದ್ದೆ?”

ಯುನ್‌ಗೆ ಗೊತ್ತಿರಲಿಲ್ಲ. ಅವಳು ಅಂಗೈ ಬಿಡಿಸಿ ನೋಡಿಕೊಂಡಳು. ಆಗ ಗಟ್ಟಿಯಾಗಿ ಹಿಡಿದಿದ್ದಕ್ಕೆ ಮೊಹರಿನ ಹಳೆಯ ಶಾಯಿ ಅಂಟಿ, ಅಜ್ಜಿಯ ಅರ್ಧ ಹೆಸರು ತಿಳಿಗೆಂಪಾಗಿ ಮೂಡಿತ್ತು.

ನರ್ಸ್ ಮಂಚಕ್ಕೊಂದು ಸಣ್ಣ ಚೀಟಿ ಸಿಕ್ಕಿಸಿ ಹೋದಳು.

“ಅದೇನೇ ಅದು? ಓದು.”

ಯುನ್ ಸಾಲಿನ ಕೆಳಗೆ ಬೆರಳಿಟ್ಟಳು. “ನಾಳೆ ಬೆಳಗ್ಗೆ ಏನೂ ತಿನ್ನಬಾರದು.”

“ಸದ್ಯ, ಆ ಗಂಜಿ ತಪ್ಪಿತು. ಇಷ್ಟೇನಾ?”

ಯುನ್ ಚೀಟಿಯ ಹಿಂಬದಿಯನ್ನೂ ತಿರುಗಿಸಿ ನೋಡಿದಳು.

“ಇಷ್ಟೇ, ಅಜ್ಜಿ.”

ಅಜ್ಜಿ ಕಣ್ಣು ಮುಚ್ಚಿದಳು. ಮಣಿಗಳ ಸದ್ದು ಮತ್ತೆ ಶುರುವಾಯಿತು.