ಸರ್ಕಾರಿ ರಾಗಿಯ ಮೇಲೊಂದು ಬೆನಕ

1944ನೇ ಇಸವಿ ಜೂನ್ 19, ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲು. ಉಗ್ರಾಣದ ಗುಮಾಸ್ತ ಶ್ಯಾಮಣ್ಣ ಮದ್ದೂರು ಠಾಣೆಗೆ ಓಡಿಬಂದು, "ಲೆವಿ ರಾಗಿ ಮೇಲೆ ಯಾರೋ ಮಾಟ ಮಾಡಿಸಿದ್ದಾರೆ ಸಾರ್" ಎಂದು ದೂರು ಕೊಟ್ಟ. ಮಾಟಕ್ಕೆ ಎಫ್.ಐ.ಆರ್. ಬರೆಯಲು ಬರುವುದಿಲ್ಲ. ಸಬ್ ಇನ್‌ಸ್ಪೆಕ್ಟರ್ ಯೋಗಾನರಸಿಂಹ ಸ್ಥಳ ನೋಡಲು ಹೊರಟರು.

ಶಿಂಷಾ ದಂಡೆಯಲ್ಲಿ, ಹರಿಗೋಲು ಕಟ್ಟುವ ಕಡವಿನ ಪಕ್ಕ, ಏಳು ಹಳೇ ಕಲ್ಲು ಕಮಾನುಗಳು. ಹಿಂದೆ ವರ್ತಕರು ಸರಕು ಇಳಿಸಿಡುತ್ತಿದ್ದ ಜಾಗ. ಯುದ್ಧ ಬಂದಮೇಲೆ ರೈತರಿಂದ ಕಡ್ಡಾಯವಾಗಿ ಅಳೆಸಿಕೊಂಡ ಲೆವಿ ರಾಗಿಯನ್ನು ಸರ್ಕಾರ ಅಲ್ಲೇ ಸುರಿಸುತ್ತಿತ್ತು, ಊರಿಗೊಂದು ಕಮಾನು. ಕಮಾನು ಗುಂಡಗೆ, ಸರ್ಕಾರ ಹಾಕಿಸಿದ ಬಾಗಿಲು ಚೌಕ. ಮೇಲೆ ಸಂದು ಬಿಟ್ಟು ಕೆಳಗೆ ಮೂರು ಬೀಗ ಜಡಿದಿದ್ದರು. ಸರ್ಕಾರದ ಬುದ್ಧಿಯೇ ಹಾಗೆ.

ಆತಗೂರಿನ ರಾಶಿಯ ನೆತ್ತಿಯಲ್ಲಿ ಸಗಣಿಯ ಪುಟ್ಟ ಉಂಡೆ, ಅದಕ್ಕೆ ಗರಿಕೆ ಸಿಕ್ಕಿಸಿತ್ತು. ಪಕ್ಕದಲ್ಲಿ ರಾಗಿ ಮೊಗೆದ ಗುಳಿ.

ಕಾನ್‌ಸ್ಟೇಬಲ್ ಖಾಸಿಂ ಹಲಗೂರಿನವನು, ಕಣದಲ್ಲಿ ಆಡಿ ಬೆಳೆದವನು.

"ಮಾಟ ಅಲ್ಲ ಸಾರ್, ಬೆನಕ, ಸಗಣಿ ಗಣಪ. ರಾಸಿ ಅಳೆಯೋಕೆ ಮುಂಚೆ ಮಡಗ್ತಾರೆ."

"ಯಾರು?"

"ರಾಸಿ ಯಾರ್ದೋ ಅವರು. ಬೇರೆಯೋರು ಮಡಗಂಗಿಲ್ಲ."

ಅಂದರೆ ರಾಗಿ ಬೆಳೆದ ಒಡೆಯರೇ ಕಳ್ಳರು. ರಾಶಿ ಅಳೆಸಿದರೆ ಕಡಿಮೆ ಬಿದ್ದದ್ದು ಎರಡೇ ಕೊಳಗ. ಹೊಟ್ಟೆಗೆ ಕದ್ದವರು ಎರಡಕ್ಕೆ ನಿಲ್ಲುವುದಿಲ್ಲ, ಅದು ಒಂದು ಹೊಲದ ಬಿತ್ತನೆಯ ಅಳತೆ. ಲೆವಿ ಪಟ್ಟಿ ಠಾಣೆಗೆ ಬರಲು ಆರು ದಿನ ಹಿಡಿಯಿತು. ಅದರಲ್ಲಿ "ಬಿತ್ತನೆ ಸೇರಿ ಪೂರಾ ವಸೂಲು" ಎಂದು ಬರೆದದ್ದು ಒಂದೇ ಹೆಸರಿನ ಮುಂದೆ: ಚಲುವಮ್ಮ.

ಜೂನ್ 26, ಆತಗೂರು. ಚಲುವಮ್ಮ, ಐವತ್ತರ ಒಣಕಲು ಹೆಂಗಸು, ಹೊಲದ ಬದುವಿನ ಮೇಲೆ ನಿಂತಿದ್ದಳು.

"ಉಗ್ರಾಣಕ್ಕೆ ಹೋಗಿದ್ದೆಯಾ?" ಯೋಗಾನರಸಿಂಹ ಕೇಳಿದರು.

"ಓಗಿದ್ದೆ. ಭಾನುವಾರ ಮಟಮಟ ಮಧ್ಯಾನ. ಕಾವಲೋನು ಉಣ್ಣಕ್ಕೋಗಿದ್ದ. ಮೇಗಲ ಸಂದಲ್ಲಿ ನುಗ್ದೆ."

"ಕದ್ದೆ."

"ತಕ್ಕಂಡೆ. ಕದಿಯೋಳು ಬೆನಕ ಮಡಗಾಳಾ ಸಾಮಿ?"

"ಮಾಲೆಲ್ಲಿ?"

ಅವಳು ಹೊಲದತ್ತ ಕೈಮಾಡಿದಳು. ಎಳೇ ಪೈರು ಸಾಲಾಗಿ ಎದ್ದಿತ್ತು.

"ಅಲ್ಲೇ ಅದೆ. ಕಿತ್ಕಂಡೋಗಿ."

ಖಾಸಿಂ ಪೈರು ತುಳಿಯದಂತೆ ಕಾಲು ಹಿಂದಕ್ಕೆ ತೆಗೆದ.

ಪಂಚರ ಮುಂದೆ ಹೇಳಿಕೆ ಬರೆಸಿದಳು. ಲೆವಿಯವರು ಬಂದಾಗ ಊರವರೆಲ್ಲ ಬಿತ್ತನೆ ರಾಗಿ ಬಚ್ಚಿಟ್ಟಿದ್ದರು. ಇವಳೊಬ್ಬಳು ಕೇಳಿದ್ದಕ್ಕೆ ನಿಜ ಹೇಳಿ ಮಡಕೆ ತೋರಿಸಿದಳು. ಅದನ್ನೂ ಸುರಿದುಕೊಂಡು ಹೋದರು. ಸತ್ಯಕ್ಕೆ ಸಾವಿಲ್ಲ ಎನ್ನುತ್ತಾರೆ. ಸತ್ಯ ಹೇಳಿದವಳ ಹೊಲವೊಂದೇ ಬೀಳು ಬೀಳುವುದು ಅವಳಿಗೆ ಸಹಿಸಲಾಗಲಿಲ್ಲ. ಯಾರಿಗೆ ತಾನೇ ಆದೀತು?

ಯೋಗಾನರಸಿಂಹ ಪಂಚನಾಮೆಯ ಕೊನೆಗೆ ತಾವೇ ಬರೆದರು: "ಮಾಲು ನೆಲದಲ್ಲಿದೆ, ಎತ್ತಲು ಬರುವುದಿಲ್ಲ. ಕೊಯ್ಲಿನವರೆಗೆ ಆರೋಪಿಯ ನೆರೆಯವಳಾದ ಪಟ್ಟಲಮ್ಮನ ಸುಪರ್ದಿಗೆ ಒಪ್ಪಿಸಿದೆ." ಮೂರು ಗಂಟೆ ನಲವತ್ತು ನಿಮಿಷಕ್ಕೆ ದಸ್ತಗಿರಿ ಆಯಿತು.

ಗಾಡಿ ಹತ್ತುವ ಮುಂಚೆ ಚಲುವಮ್ಮ ತಿರುಗಿ ನಿಂತಳು.

"ಪಟ್ಟಲವ್ವ, ಕಳೆ ತಗಸು, ಕುಂಟೆ ಒಡಸು. ಕೊಯ್ದು ರಾಸಿನೂ ಮಾಡು. ಬೆನಕ ಮಾತ್ರ ನೀ ಮಡಗಬ್ಯಾಡ ಕಣಮ್ಮ. ಅದ್ಕೆ ನಾ ಬತ್ತೀನಿ."