ಒಂಬತ್ತನೇ ರೀಲು

2025ರ ನವೆಂಬರ್ 17, ಸೋಮವಾರ. ಬೆಳಿಗ್ಗೆ 11.20ಕ್ಕೆ ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದ ಠಾಣೆಗೆ ಬಂದ ಗುರುರಾಜ್, ದೂರನ್ನು ಟೈಪ್ ಮಾಡಿಸಿಕೊಂಡೇ ತಂದಿದ್ದರು. ಹಳೆಯ ಸಿನಿಮಾ ಪ್ರಿಂಟುಗಳನ್ನು ಸರಿಪಡಿಸಿ ಡಿಜಿಟಲ್ ಮಾಡುವ ಲ್ಯಾಬ್ ಒಂದಕ್ಕೆ ಅವರು ಮುಖ್ಯಸ್ಥರು. ಇನ್‌ಸ್ಪೆಕ್ಟರ್ ಮಹಾಲಕ್ಷ್ಮಿ ಎರಡು ಪುಟ ಓದಿ ಕಾಗದವನ್ನು ಮೇಜಿನ ಮೇಲಿಟ್ಟರು.

"ಹೋಗಿರೋದು ಏನು, ಒಂದೇ ಮಾತಲ್ಲಿ ಹೇಳಿ."

"ಒಂದು ರೀಲು ಮೇಡಂ. ಒಂಬತ್ತನೇದು, ಕೊನೇದು."

"ಕಾಪಿ ಇಲ್ವಾ?"

"ನಮಗೆ ಗೊತ್ತಿರೋ ಹಾಗೆ ಇರೋದು ಇದೊಂದೇ ಪ್ರಿಂಟು. ಎಂಟು ರೀಲು ಸ್ಕ್ಯಾನ್ ಆಗಿದೆ. ಒಂಬತ್ತನೇದು ಇವತ್ತು ಆಗ್ಬೇಕಿತ್ತು."

ಸಿನಿಮಾದ ಹೆಸರು ‘ಇರುಳ ದೂತಿ’. 1943ರಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ ತೆಗೆದದ್ದು. ಬರ್ಮಾ ಗಡಿಯ ಸೇನಾ ಆಸ್ಪತ್ರೆಯಲ್ಲಿ ನರ್ಸ್ ವೇಷದಲ್ಲಿರುವ ಗೂಢಚಾರಿಣಿ, ತಾನು ಯಾರಿಂದ ಗುಟ್ಟು ಕದಿಯಬೇಕೋ ಆ ಅಧಿಕಾರಿಯನ್ನೇ ಪ್ರೀತಿಸುತ್ತಾಳೆ. ಎಂಟನೇ ರೀಲಿನ ಕೊನೆಗೆ ಅವನಿಗೆ ವಿಷಯ ತಿಳಿಯುತ್ತದೆ. ಮುಂದೆ ಅವನು ಅವಳನ್ನು ಹಿಡಿದುಕೊಡುತ್ತಾನೋ ಬಿಡುತ್ತಾನೋ ಎಂಬುದನ್ನು ಲ್ಯಾಬಿನಲ್ಲಿ ಇನ್ನೂ ಯಾರೂ ಪರದೆಯ ಮೇಲೆ ನೋಡಿರಲಿಲ್ಲ. ಇದೇ 29ಕ್ಕೆ ಪ್ರದರ್ಶನವೆಂದು ಆಮಂತ್ರಣ ಹಂಚಿಯಾಗಿತ್ತು.

"ಯಾರ ಮೇಲಾದ್ರೂ ಅನುಮಾನ?"

ಗುರುರಾಜ್ ದೂರಿನ ಎರಡನೇ ಪುಟದ ಮೇಲೆ ಬೆರಳಿಟ್ಟರು. "ರೀಲುಗಳನ್ನ ಇಡೋ ಕೋಲ್ಡ್ ರೂಮ್ ಬಾಗಿಲು ಶುಕ್ರವಾರ ಮಧ್ಯಾಹ್ನ 1.12ಕ್ಕೆ ತೆರೆದಿದೆ. ಶಿವಾನಿಯ ಕಾರ್ಡಿಂದ. ನಮ್ಮ ಸ್ಕ್ಯಾನಿಂಗ್ ಟೆಕ್ನೀಷಿಯನ್. ಬೇರೆ ಕಡೆ ಕೆಲಸ ನೋಡ್ತಿದ್ದಾಳೆ ಅಂತ ಕೇಳಿದ್ದೆ."

ಬೀಗ ಒಡೆದಿರಲಿಲ್ಲ, ಒಳಗಿನವರದೇ ಕಾರ್ಡು ಬಳಕೆಯಾಗಿತ್ತು. ಭಾರತೀಯ ನ್ಯಾಯ ಸಂಹಿತೆಯ ಕಲಂ 306ರಂತೆ, ನೌಕರರಿಂದ ಕಳವು ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.45ಕ್ಕೆ ಮಹಾಲಕ್ಷ್ಮಿ, ಹೆಡ್ ಕಾನ್‌ಸ್ಟೆಬಲ್ ಸೋಮಪ್ಪನೊಂದಿಗೆ ಲ್ಯಾಬಿಗೆ ಹೋಗಿ ಸ್ಥಳ ಪಂಚನಾಮೆ ನಡೆಸಿದರು. ಒಂಬತ್ತನೇ ನಂಬರಿನ ತಗಡಿನ ಡಬ್ಬ ಕಪಾಟಿನಲ್ಲೇ ಇತ್ತು. ಒಳಗಿನ ಸುರುಳಿ ಮಾತ್ರ ಇರಲಿಲ್ಲ. ಕಾರಿಡಾರಿನ ಕ್ಯಾಮೆರಾ ಹದಿನೈದು ದಿನದಿಂದ ಕೆಟ್ಟಿತ್ತು.

ಶಿವಾನಿಗೆ ಇಪ್ಪತ್ತೇಳಿರಬಹುದು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದಳು.

"1.12ಕ್ಕೆ ಎಲ್ಲಿದ್ರಿ?"

"ಕ್ಯಾಂಟೀನಲ್ಲಿ. ಎಲ್ರೂ ಅಲ್ಲೇ ಇದ್ವಿ. ದ್ಯಾಮಣ್ಣ ಸಾರ್ ಶೇಂಗಾ ಹೋಳಿಗೆ ತಂದಿದ್ರು, ರಿಪೇರಿ ಮುಗೀತು ಅಂತ. ಕೈಯೆಲ್ಲ ತುಪ್ಪ ಆಯ್ತು, ಕಾರ್ಡ್ ಟೇಬಲ್ ಮೇಲಿಟ್ಟು ತೊಳ್ಯೋಕೆ ಹೋದೆ."

"ವಾಪಸ್ ಬಂದಾಗ ಕಾರ್ಡ್ ಇತ್ತಾ?"

"ನೋಡ್ಲಿಲ್ಲ. ಹೊರಡೋವಾಗ ಇತ್ತು." ಅವಳು ದನಿ ತಗ್ಗಿಸಿದಳು. "ಮೇಡಂ, ಗುರುರಾಜ್ ಸಾರ್‌ನ ಕೇಳಿದ್ರಾ? ಕೊನೇ ರೀಲು ಕಾಣೆಯಾಯ್ತು ಅಂದ್ರೆ ಪೇಪರಲ್ಲೆಲ್ಲ ಬರುತ್ತೆ. ಶೋ ಹಿಂದಿನ ದಿನ ಸಿಕ್ಕಿತು ಅಂದ್ರೆ ಹಾಲ್ ತುಂಬುತ್ತೆ."

ಮಹಾಲಕ್ಷ್ಮಿಗೆ ಆ ಮಾತು ತಳ್ಳಿಹಾಕುವಂಥದ್ದೆನಿಸಲಿಲ್ಲ. ಕ್ಯಾಮೆರಾ ರಿಪೇರಿಗೆ ತಾವೇ ಸಹಿ ಹಾಕಬೇಕಿದ್ದ ಗುರುರಾಜ್ ಅದನ್ನೇಕೆ ತಡೆದಿಟ್ಟುಕೊಂಡಿದ್ದರು? ಕೇಳಿದಾಗ "ಮರೆತೆ" ಎಂದರು. ಸೋಮಪ್ಪ ಅವರ ಕಾರು, ಕುಂದಲಹಳ್ಳಿಯ ಫ್ಲಾಟು ಎರಡನ್ನೂ ಶೋಧಿಸಿ ಬರಿಗೈಯಲ್ಲಿ ಬಂದ. ಶಿವಾನಿಯ ಪಿಜಿ ಕೋಣೆಯಲ್ಲೂ ಏನೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. ಮೂರು ವರ್ಷ ಒಟ್ಟಿಗೆ ಕೆಲಸ ಮಾಡಿದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಉಳಿದವರು ದ್ಯಾಮಣ್ಣ. ಎಪ್ಪತ್ತೊಂದು ವರ್ಷ. ಹರಿದ ಫಿಲ್ಮನ್ನು ಕೈಯಿಂದಲೇ ಅಂಟಿಸುವವರು ಲ್ಯಾಬಿನಲ್ಲಿ ಅವರೊಬ್ಬರೇ. ಅವರ ಮೇಲೆ ಯಾರೂ ಬೆರಳು ತೋರಿಸಿರಲಿಲ್ಲ. ಕಾರಣವನ್ನು ಗುರುರಾಜ್ ಹೇಳಿದರು: "ಆ ಸಿನಿಮಾದ ನಾಯಕಿ ಬಸಮ್ಮ ಅವರ ತಾಯಿ. ಕಂಪನಿ ನಾಟಕದಿಂದ ಬಂದವರು, ಮಾಡಿದ್ದು ಇದೊಂದೇ ಸಿನಿಮಾ. ದ್ಯಾಮಣ್ಣೋರ ಅಕ್ಕನೇ 29ಕ್ಕೆ ಮುಖ್ಯ ಅತಿಥಿ. ಅಮ್ಮನ ಸಿನಿಮಾನ ಮಗನೇ ಕದೀತಾರಾ ಮೇಡಂ?"

18ನೇ ತಾರೀಕು ಮಧ್ಯಾಹ್ನ 3 ಗಂಟೆಗೆ ಮಹಾಲಕ್ಷ್ಮಿ ಗೇಟಿನ ಕಾವಲುಗಾರ ಸೊಣ್ಣಪ್ಪನನ್ನು ಎರಡನೇ ಸಲ ಕೇಳಿದರು. ಕುಂದಲಹಳ್ಳಿಯ ಹಳೆಯ ಒಕ್ಕಲು ಅವನದು.

"ಶುಕ್ರವಾರ ಯಾರ ಚೀಲ ನೋಡ್ಲಿಲ್ಲ?"

"ಎಲ್ಲಾರ್ದೂ ನೋಡಿವ್ನಿ ತಾಯಿ."

"ದ್ಯಾಮಣ್ಣೋರ್ದು?"

"ಅವ್ರ ತಾವ ಚೀಲ ಎಲ್ಲೈತೆ. ಹೋಳ್ಗೆ ಡಬ್ಬಿ ಒಂದೇ."

"ಎಷ್ಟು ದೊಡ್ಡದು?"

ಸೊಣ್ಣಪ್ಪ ಎರಡೂ ಕೈ ಅಗಲಿಸಿ ತೋರಿಸಿದ. "ಇಂಗೆ ಅಗಲುಕ್ಕೆ, ದುಂಡುಗೆ. ಬೆಳಿಗ್ಗೆ ಬರೋವಾಗ ನಾನೇ ತೆಗ್ದು ನೋಡ್ದೆ, ನಂಗೂ ಎರಡು ಕೊಟ್ರು."

"ಸಾಯಂಕಾಲ ಹೋಗೋವಾಗ?"

"ಖಾಲಿ ಡಬ್ಬಿ ಅಂತ ಅಂಗೇ ಬುಟ್ಬುಟ್ಟೆ."

ಸಂಜೆ 5.30ಕ್ಕೆ ಜೀಪು ಪೀಣ್ಯದ ಪಕ್ಕದ ರಾಜಗೋಪಾಲನಗರ ಮುಟ್ಟಿತು. ಸಣ್ಣ ಕಾರ್ಖಾನೆಗಳ ಪಾಳಿ ಮುಗಿದು ಬೀದಿ ತುಂಬ ಜನರಿದ್ದರು. ದ್ಯಾಮಣ್ಣನದು ಎರಡು ಕೋಣೆಯ ಬಾಡಿಗೆ ಮನೆ. ಗಾಬರಿಯಿಲ್ಲದೆ ಬಾಗಿಲು ತೆರೆದು, ಕುಳಿತುಕೊಳ್ಳಲು ಹೇಳಿ, ಚಹಾಕ್ಕಿಡಲು ಹೊರಟರು. ಒಳಕೋಣೆಯಿಂದ ಮುದಿ ಹೆಂಗಸಿನ ದನಿ ಬಂತು.

"ಯಾರ್ ಬಂದಾರೋ?"

"ಲ್ಯಾಬಿನವರು ಅಕ್ಕಾ."

ಮಹಾಲಕ್ಷ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಹಾಲಿನ ಪಾತ್ರೆಯನ್ನು ನೀರು ತುಂಬಿದ ಬೇಸಿನ್ನಿನಲ್ಲಿ ಇಟ್ಟಿದ್ದರು, ಮೇಲೆ ಒದ್ದೆ ಬಟ್ಟೆ. ಮೊಸರು, ಸೊಪ್ಪು, ಒಂದು ಔಷಧಿ ಬಾಟಲಿ ಕಟ್ಟೆಯ ಮೇಲಿದ್ದವು. ಎರಡು ಮಾರು ದೂರದಲ್ಲಿ ಫ್ರಿಜ್ ಗುಂಯ್‌ಗುಡುತ್ತಿತ್ತು. ಅದರ ಗಾಜಿನ ಹಲಗೆಯೊಂದು ಗೋಡೆಗೆ ಒರಗಿ ನಿಂತಿತ್ತು.

ಆ ಕಾಲದ ಫಿಲ್ಮು ಸುಲಭವಾಗಿ ಬೆಂಕಿ ಹಿಡಿಯುವಂಥದ್ದು, ಸೆಕೆಗೆ ಕೆಡುತ್ತದೆ, ತಣ್ಣಗಿಡಲೇಬೇಕು ಎಂದು ಶಿವಾನಿ ಹೇಳಿದ್ದಳು. ಗೊತ್ತಿಲ್ಲದ ಕಳ್ಳ ಮಂಚದ ಕೆಳಗೆ ತಳ್ಳುತ್ತಾನೆ.

"ಫ್ರಿಜ್ ತೆಗೀತೀರಾ ದ್ಯಾಮಣ್ಣೋರೇ?"

ಅವರು ಒಲೆ ಆರಿಸಿದರು. ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು ಬಂದರು.

"ತೆಗೀರಿ. ಆದ್ರ ಮಾತು ಇಲ್ಲಿ ಬ್ಯಾಡ ಮೇಡಂ. ಠಾಣೆದಾಗ ಎಲ್ಲಾ ಹೇಳ್ತೀನಿ."

ಪಕ್ಕದ ಮನೆಯ ರಾಮಕ್ಕ, ಎದುರಿನ ಅಂಗಡಿಯ ಯಂಕಪ್ಪ ಪಂಚರಾಗಿ ಬಂದರು. 5.50ಕ್ಕೆ ಹೋಳಿಗೆ ಡಬ್ಬಿಯ ಸಮೇತ ರೀಲು ಜಪ್ತಿಯಾಯಿತು. ಒಳಗೆ ಮೆತ್ತನೆಯ ಹೊಸ ಮಲ್ಲು ಬಟ್ಟೆ ಸುತ್ತಿದ್ದರು. ಸುರುಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅಕ್ಕನನ್ನು ನೋಡಿಕೊಳ್ಳಲು ರಾಮಕ್ಕನಿಗೆ ಹೇಳಿ ದ್ಯಾಮಣ್ಣ ಜೀಪು ಹತ್ತಿದರು. 7.10ಕ್ಕೆ ಬಂಧನವನ್ನು ದಾಖಲಿಸಲಾಯಿತು.

"ಯಾಕೆ?" ಮಹಾಲಕ್ಷ್ಮಿ ಕೇಳಿದರು.

"ಆ ರೀಲಿನ ಕೊನೇ ಭಾಗ ಅಂಟಿಸೂವಾಗ ನಾ ಕಂಡಿದ್ದನ್ನ ನೀವ ನೋಡ್ರಿ. ನನ್ನ ಬಾಯಿಂದ ಬರೂದಿಲ್ಲ."

ರೀಲನ್ನು ಲ್ಯಾಬಿಗೆ ಒಯ್ದು ಬೆಳಕಿನ ಮೇಜಿನ ಮೇಲೆ ಬಿಚ್ಚಿಸಿದರು. ಶಿವಾನಿ ಕೈಗವಸು ಹಾಕಿ ನಿಧಾನವಾಗಿ ಸರಿಸುತ್ತ ಹೋದಳು. ಮಹಾಲಕ್ಷ್ಮಿ ಭೂತಗನ್ನಡಿ ಹಿಡಿದರು. ಅಧಿಕಾರಿ ತಾನೇ ಪಹರೆಯವರನ್ನು ಕರೆದು ನರ್ಸನ್ನು ಹಿಡಿದುಕೊಡುತ್ತಾನೆ. ಅವಳು ಮೇಲಂಗಿ ಕಳಚಿ ಅವನ ಕೈಗಿಟ್ಟು ನಡೆದುಹೋಗುತ್ತಾಳೆ. ಪಕ್ಕದಿಂದ ತೆಗೆದ ದೃಶ್ಯ. ತೆಳ್ಳನೆಯ ಸಮವಸ್ತ್ರದಡಿ ಬಸಮ್ಮನ ಐದು ತಿಂಗಳ ಹೊಟ್ಟೆ ಸ್ಪಷ್ಟವಾಗಿತ್ತು. ದೃಶ್ಯಕ್ಕೆ ಮುಂಚೆ ಯಾರೋ ಹಿಡಿದ ಕ್ಲ್ಯಾಪ್ ಹಲಗೆಯನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದರು. ಅದರ ಮೇಲೆ ಸೀಮೆಸುಣ್ಣದಲ್ಲಿ 12-3-43 ಎಂದಿತ್ತು.

ಮಹಾಲಕ್ಷ್ಮಿ ಠಾಣೆಗೆ ಮರಳಿದಾಗ ದ್ಯಾಮಣ್ಣ ಬೆಂಚಿನ ತುದಿಯಲ್ಲಿದ್ದರು.

"ನಿಮ್ಮ ತಂದೆ ಆಗ ಎಲ್ಲಿದ್ರು?"

"ಪಲ್ಟನ್ನಿನಾಗ. ನಲವತ್ತೊಂದರಾಗ ಹೋದವರು. ಸಿಂಗಾಪುರದಾಗ ಜಪಾನದವರಿಗೆ ಸೆರೆ ಸಿಕ್ಕು, ತಿರುಗಿ ಬಂದಿದ್ದು ನಲವತ್ತೈದರ ಕೊನೀಗೆ. ಅಕ್ಕ ಹುಟ್ಟಿದ್ದು ಅಪ್ಪ ಪಲ್ಟನ್ನಿಗೆ ಹೋಗೂದಕ್ಕಿಂತ ಮೊದಲ, ನಲವತ್ತೊಂದರಾಗ ಅಂತ ಮನಿಯಾಗ ಎಲ್ಲಾರೂ ಹೇಳ್ತಿದ್ರು. ಆಧಾರಿನಾಗೂ ಹಂಗ ಐತಿ. ನಾ ಹುಟ್ಟಿದ್ದು ಐವತ್ನಾಲ್ಕರಾಗ. ನಡುವ ಬ್ಯಾರೆ ಮಕ್ಕಳಿಲ್ಲ."

"ಅಂದ್ರೆ ಆ ಹೊಟ್ಟೆಯಲ್ಲಿದ್ದಿದ್ದು..."

"ಅಕ್ಕನೇ. ಅಪ್ಪನ ಹೆಗಲಮ್ಯಾಲ ಬೆಳದಾಕಿ. ಅಪ್ಪಗ ನನಗಿಂತ ಆಕಿ ಮ್ಯಾಲೆ ಜೀವ. 29ಕ್ಕ ಸ್ಟೇಜಿನ ಮ್ಯಾಲೆ ಕುಂದರಿಸಿ ಸಾವಿರ ಮಂದಿ ಮುಂದ ಅದನ್ನ ತೋರಸ್ತಿದ್ರು. ರೀಲಿನಾಗ ತಾರೀಕಿನ ಹಲಗಿ ಸಿಕ್ಕರ ಅದರ ಫೋಟೋ ಪುಸ್ತಕದಾಗ ಹಾಕ್ತೀನಿ ಅಂತ ಗುರುರಾಜ್ ಸಾಹೇಬ್ರು ಮೊದಲ ಹೇಳಿದ್ರು."

"ಆ ತುಂಡನ್ನ ಕತ್ತರಿಸಿಬಿಡಬಹುದಿತ್ತಲ್ಲ. ನಿಮ್ಮ ಕೈಲೇ ಇತ್ತು."

"ಹಲಗಿ ಕತ್ತರಿಸಬಹುದಿತ್ತು. ಅವ್ವನ್ನ ಹೆಂಗ ಕತ್ತರಿಸಲಿ ಮೇಡಂ?" ಅವರು ಅಂಗೈಯಿಂದ ಮುಖ ಒರೆಸಿಕೊಂಡರು. "ಶಿವಾನಿ ಹುಡುಗಿ ಕಾರ್ಡ್ ತಗೊಂಡು ಆಕಿಗೆ ತ್ರಾಸ ಕೊಟ್ಟೆ. ಅದು ತಪ್ಪು."

19ನೇ ತಾರೀಕು ಬೆಳಿಗ್ಗೆ 9 ಗಂಟೆಗೆ ಮಹಾಲಕ್ಷ್ಮಿ ಒಬ್ಬರೇ ರಾಜಗೋಪಾಲನಗರಕ್ಕೆ ಹೋದರು. ಅಕ್ಕ ಲಕ್ಷ್ಮವ್ವನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬೇಕಿತ್ತು. ಎಷ್ಟು ಕೇಳಬೇಕು, ಎಷ್ಟು ಬಿಡಬೇಕು ಎಂದು ದಾರಿಯುದ್ದಕ್ಕೂ ತೂಗಿಕೊಂಡೇ ಹೋಗಿದ್ದರು. ಮಂಚದ ಮೇಲೆ ಕುಳಿತಿದ್ದ ಮುದುಕಿ, ಪೊರೆ ಬಂದ ಕಣ್ಣುಗಳನ್ನು ದನಿಯತ್ತ ತಿರುಗಿಸಿ, ತಾವೇ ಮಾತು ತೆಗೆದರು.

"ರಾಮಕ್ಕ ಎಲ್ಲಾ ಹೇಳಿದ್ಲು. ಆ ರೀಲಿನಾಗ ನಮ್ಮವ್ವ ಬಸುರಿ ಅದಾಳಲ್ಲ?"

ಮಹಾಲಕ್ಷ್ಮಿ ಪೆನ್ನು ತೆಗೆಯಲಿಲ್ಲ. ರಾಮಕ್ಕನಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ.

"ಹೌದು. ನಿಮಗೆ ಹೇಗೆ ಗೊತ್ತು?"

"ಅಪ್ಪ ಎಪ್ಪತ್ತೊಂದರಾಗ ಸಾಯೂ ಮುಂದ ನನ್ನೊಬ್ಬಾಕಿನ್ನ ಕರದು ಹೇಳಿದ. ಗಂಡ ಸತ್ತಾನಂತ ಅವ್ವಗ ಸರಕಾರದ ತಾರು ಬಂದಿತ್ತಂತ. ಅಂವ ಜೀವಂತ ಬಂದು ಬಾಗಲದಾಗ ನಿಂತಾಗ ನಾ ಎರಡು ವರ್ಷದಾಕಿ. ಮುಂದ ಸಾಲಿಗೆ ಹಚ್ಚೂವಾಗ ಅವನೇ ನನ್ನ ವಯಸ್ಸು ಹೆಚ್ಚು ಬರೆಸಿದ." ಅವರು ಸೆರಗು ಸರಿಮಾಡಿಕೊಂಡರು. "‘ನಾ ಸತ್ತೀನಂತ ತಿಳದಾಗ ಅವ್ವಗ ನೀ ಒಬ್ಬಾಕಿ ಇದ್ದಿ ಮಗಳ, ನೀ ಇಲ್ಲದಿದ್ರ ಆಕಿ ಉಳೀತಿದ್ದಿಲ್ಲ’ ಅಂದ. ಅಷ್ಟ ಅಂದ."

"ತಮ್ಮನಿಗೆ ಯಾಕೆ ಹೇಳ್ಲಿಲ್ಲ?"

"ಅಂವ ಅವ್ವನ್ನ ಭಾಳ ಹಚ್ಚಿಕೊಂಡಿದ್ದ. ಅವಗ ನೋವಾಗಬಾರದಂತ ಸುಮ್ಮನಿದ್ದೆ. ಆ ರೀಲು ನನಗೂ ಒಮ್ಮಿ ತೋರಸ್ತೀರೇನವಾ? ಕಣ್ಣಿಗೆ ಕಂಡಷ್ಟು ಕಾಣಲಿ."

ಮಧ್ಯಾಹ್ನ 2.30ಕ್ಕೆ ದ್ಯಾಮಣ್ಣನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ವಯಸ್ಸು ನೋಡಿ ಜಾಮೀನು ಸಿಕ್ಕಿತು. ಕಾರಿಡಾರಿನಲ್ಲಿ ಅವರು ಕೇಳಿದ್ದು ಒಂದೇ.

"ಅಕ್ಕ ಏನಂದ್ಲು?"

"ಅವರಿಗೆ ಗೊತ್ತಿತ್ತು ದ್ಯಾಮಣ್ಣೋರೇ. ಐವತ್ನಾಲ್ಕು ವರ್ಷದಿಂದ. ನಿಮಗೆ ನೋವಾಗಬಾರದು ಅಂತಲೇ ಹೇಳಿರಲಿಲ್ಲ."

ದ್ಯಾಮಣ್ಣ ಗೋಡೆಗೆ ಕೈಕೊಟ್ಟು ನಿಂತರು. ಸೋಮಪ್ಪ ಅವರ ತೋಳು ಹಿಡಿದು ಮೆಟ್ಟಿಲಿಳಿಸಿ, ಪೀಣ್ಯದ ಕಡೆಯ ಆಟೋ ಹತ್ತಿಸಿದ.

ದೋಷಾರೋಪಣ ಪಟ್ಟಿಯ ಕರಡಿನಲ್ಲಿ, ಕೃತ್ಯದ ಉದ್ದೇಶ ಎಂಬಲ್ಲಿ, ಠಾಣೆಯ ರೈಟರ್ ‘ಮನೆತನದ ಮಾನ ಉಳಿಸಿಕೊಳ್ಳಲು’ ಎಂದು ಬರೆದಿದ್ದ. ಮಹಾಲಕ್ಷ್ಮಿ ಅದಕ್ಕೆ ಗೆರೆ ಎಳೆದು, ‘ಅಕ್ಕನ ಮನಸ್ಸಿಗೆ ನೋವಾಗಬಾರದೆಂದು’ ಎಂದು ಬರೆದರು. ಯಾವ ನೋವು ಎಂದು ರೈಟರ್ ಕೇಳಿದ. ಅಷ್ಟು ಸಾಕು ಎಂದು ಹೇಳಿ ಕೆಳಗೆ ಸಹಿ ಹಾಕಿದರು.